ಬುಧವಾರ ಶುರುವಾಗುವುದು ಯಾವಾಗ

ಫೋನಿನಲ್ಲಿ ತೆರೆದ ಪುಟದ ಬಲಮೂಲೆಯಲ್ಲಿ, ಹಸಿರು ಪಟ್ಟಿಯ ಮೇಲೆ ಬಿಳಿಯ ಅಕ್ಷರಗಳಲ್ಲಿ ‘ಸೋಮವಾರ’ ಎಂದಿತ್ತು. ನಮ್ಮ ಮನೆಯ ಬಾಗಿಲಿಗೆ ಮಂಗಳವಾರದ ಹಾಲು ಆಗಲೇ ಬಂದಿತ್ತು. ಪುಟವನ್ನು ಹೊಸದಾಗಿ ತರಿಸಿಕೊಂಡೆ. ಮತ್ತೆ ಸೋಮವಾರವೇ. ಹಾಲು ಒಲೆಯ ಮೇಲಿಟ್ಟು, ಅದು ಉಕ್ಕುವ ಮೊದಲು ಇನ್ನೊಮ್ಮೆ ನೋಡಿದೆ. ಮಂಗಳವಾರ ಬಂದಿತ್ತು. ಗೋಡೆಯ ಗಡಿಯಾರ ಐದೂವರೆ ದಾಟಿತ್ತು.

ಮಧ್ಯರಾತ್ರಿ ಬದಲಾಗಬೇಕಾದ ದಿನ ಐದೂವರೆಗೆ ಬದಲಾದರೆ ಕಾರಣ ಹುಡುಕುವ ಶ್ರಮವೇ ಇಲ್ಲ. ನಮ್ಮ ದೇಶದ ಗಡಿಯಾರ ವಿಶ್ವ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ. ನಾವು ಬಾಡಿಗೆಗೆ ಪಡೆದ ಕ್ಲೌಡ್ ಯಂತ್ರ ಇರುವುದು ಮುಂಬೈಯಲ್ಲಾದರೂ ಅದರೊಳಗಿನ ಗಡಿಯಾರ ವಿಶ್ವ ಸಮಯದ್ದು. ಅದಕ್ಕೆ ಭಾರತದ ಸಮಯ ಹೇಳಿಕೊಡುವುದನ್ನು ನಾನು ಮರೆತಿದ್ದೆ. ತಿದ್ದುವುದಕ್ಕೆ ಒಂದು ಸಾಲು ಸಾಕು. ಹಾಲು ಇಳಿಸುವಷ್ಟರಲ್ಲಿ ಆ ಸಾಲು ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಇಷ್ಟು ದಿನ ಯಾರೂ ಇದನ್ನು ಗಮನಿಸಲಿಲ್ಲವಲ್ಲ ಎಂದು ಮಾತ್ರ ಒಂದು ಕ್ಷಣ ಅನಿಸಿತು. ಆ ಪುಟವನ್ನು ಬೆಳಗಿನ ಜಾವ ನೋಡುವವರು ನನಗಿಂತ ಹೆಚ್ಚು ಜನ ಇದ್ದರು.

ಅದು ನೀರಿನ ಪಾಳಿ ತೋರಿಸುವ ಪುಟ. ಹಚ್ಚೊಳ್ಳಿ ಕಡೆಯ ಒಂದು ಸಣ್ಣ ನೀರು ಬಳಕೆದಾರರ ಸಂಘ ಅದನ್ನು ನಮ್ಮಿಂದ ಮಾಡಿಸಿಕೊಂಡಿತ್ತು. ಬಳ್ಳಾರಿಯಲ್ಲಿ ನಮ್ಮದು ಎರಡು ಕೋಣೆಯ ಕಚೇರಿ. ಮಾಲೀಕರು, ನಾನು, ಕುರುಗೋಡಿನಿಂದ ದಿನಾ ಬಸ್ಸಿಗೆ ಬರುವ ನನ್ನ ಸಹೋದ್ಯೋಗಿ, ಇಷ್ಟೇ ಜನ. ಅಕ್ಕಿ ಗಿರಣಿಗಳಿಗೆ, ಕಾಲೇಜುಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು ಅಭ್ಯಾಸವಿದ್ದ ನಮಗೆ ಇದು ಹೊಸ ತರಹದ ಕೆಲಸ. ಬೇಸಿಗೆ ಬೆಳೆಗೆ ಉಪಕಾಲುವೆಯ ತೂಬಿನಿಂದ ಹಗಲೂ ರಾತ್ರಿ ನೀರು ಹರಿಯುತ್ತದೆ. ಯಾವ ದಿನ ಯಾವ ಹೊತ್ತಿಗೆ ಯಾರ ಹೊಲಕ್ಕೆ ಎಂಬ ಪಾಳಿ ಇದೆ. ಒಬ್ಬರ ಪಾಳಿ ವಾರಕ್ಕೊಮ್ಮೆ. ಪಾಳಿಯ ವಿಷಯದಲ್ಲಿ ಬದುವಿನ ಮೇಲೆ ಜಗಳಗಳಾಗಿ ಬೇಸತ್ತು ಸಂಘದವರು ಒಂದು ತೀರ್ಮಾನ ಮಾಡಿದ್ದರು: ಪುಟ ಬಂದ ಮೇಲೆ ಅದರಲ್ಲಿ ಯಾರ ಹೆಸರಿದೆಯೋ ಅವರದೇ ನೀರು, ಎದುರು ಮಾತಿಲ್ಲ. ಆ ತೀರ್ಮಾನವನ್ನು ಕೇಳಿದಾಗ ನನಗೆ ಹೆಮ್ಮೆಯಾಗಿತ್ತು. ಭಯವಾಗಬೇಕಿತ್ತು.

ಪುಟದ ಕೆಲಸ ಸರಳ. ಇವತ್ತು ಯಾವ ವಾರ, ಆ ವಾರದ ಪಟ್ಟಿ ಯಾವುದು ಎಂದು ಸರ್ವರ್, ಅಂದರೆ ಆ ಬಾಡಿಗೆಯ ಯಂತ್ರ, ನೋಡಿ ಕಳಿಸುತ್ತದೆ. ಆ ಪಟ್ಟಿಯಲ್ಲಿ ಈಗ ಯಾರ ಪಾಳಿ ನಡೆದಿದೆ ಎಂಬುದನ್ನು ನೋಡುವವರ ಫೋನಿನ ಗಡಿಯಾರ ತೀರ್ಮಾನಿಸಿ, ಆ ಹೆಸರನ್ನು ಹಸಿರು ಮಾಡುತ್ತದೆ. ದಿನ ಸರ್ವರ್‌ನದು, ಗಂಟೆ ಫೋನಿನದು. ಸಂಘದ ಕಾರ್ಯದರ್ಶಿ ಪಾಳಿಗಳನ್ನು ಫೋನಿನಲ್ಲಿ ಓದಿ ಹೇಳಿದ್ದರು, ನಾನು ಕೇಳಿದ ಹಾಗೆಯೇ ತುಂಬಿದ್ದೆ. ಪ್ರತಿ ದಿನದ ಪಟ್ಟಿಯ ಮೊದಲ ಪಾಳಿ ಬೆಳಿಗ್ಗೆ ಆರಕ್ಕೆ. ಕೊನೆಯ ಪಾಳಿ ರಾತ್ರಿ ಹನ್ನೆರಡರಿಂದ ಆರರವರೆಗೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ಚೆನ್ನಾಗಿ ಓಡುತ್ತಿತ್ತು. ಕ್ಲೌಡ್‌ಗೆ ಏರಿಸುವಾಗ ಮಾತ್ರ ಒಂದೊಂದೇ ತೊಡಕು ಎದುರಾಯಿತು. ಮೊದಲ ಸಲ ಎಲ್ಲ ಸರಿಯಾಗಿ ಕಟ್ಟಿಕೊಂಡು, ಶುರುವಾದಂತೆ ಮಾಡಿ, ಸ್ವಲ್ಪ ಹೊತ್ತಿಗೆ ಸತ್ತುಹೋಯಿತು. ಮತ್ತೆ ತಾನೇ ಎದ್ದು ಮತ್ತೆ ಸತ್ತಿತು. ಯಂತ್ರ ನಡೆದದ್ದನ್ನೆಲ್ಲ ಬರೆದಿಡುವ ಲಾಗ್‌ನ ಸಾಲುಗಳನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದಾಗ ತಿಳಿಯಿತು: ನನ್ನ ಪ್ರೋಗ್ರಾಂ ತನಗೆ ಗೊತ್ತಿದ್ದ ಒಂದೇ ಪೋರ್ಟ್‌ನಲ್ಲಿ ಕಾಯುತ್ತಿತ್ತು. ಹೋಸ್ಟಿಂಗ್ ಸೇವೆ ಬೇರೆ ಪೋರ್ಟ್‌ನ ಬಾಗಿಲು ತಟ್ಟಿ, ಉತ್ತರ ಬರಲಿಲ್ಲವೆಂದು ಇದನ್ನು ನಿಲ್ಲಿಸುತ್ತಿತ್ತು. ಅದನ್ನು ಸರಿಪಡಿಸಿದ ಮೇಲೆ ಡೇಟಾಬೇಸ್ ಒಳಗೆ ಬಿಡಲಿಲ್ಲ. ಪಾಸ್‌ವರ್ಡನ್ನು ಕೋಡ್‌ನಲ್ಲಿ ಬರೆಯಬಾರದೆಂದು ನಾನೇ ತೆಗೆದಿದ್ದೆ, ಆದರೆ ಇಡಬೇಕಾದ ಜಾಗದಲ್ಲಿ ಇಟ್ಟಿರಲಿಲ್ಲ. ಮೂರನೆಯದು ನನಗೆ ಇಷ್ಟವಾದ ತೊಡಕು. ಸಂಘದ ಗೋಡೆಗೆ ಅಂಟಿಸಲು ಪಾಳಿಯ ಹಾಳೆಯನ್ನು ಮುದ್ರಿಸುವ ಸೌಲಭ್ಯ ಕೊಟ್ಟಿದ್ದೆ. ಕ್ಲೌಡ್‌ನಿಂದ ಬಂದ ಹಾಳೆಯಲ್ಲಿ ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ. ಹೆಸರಿನ ಜಾಗದಲ್ಲೆಲ್ಲ ಖಾಲಿ ಚೌಕಗಳು. ಆ ಯಂತ್ರದಲ್ಲಿ ಕನ್ನಡದ ಫಾಂಟ್ ಇರಲಿಲ್ಲ.

ಆ ಚೌಕಗಳನ್ನು ನೋಡುತ್ತಾ ಬಹಳ ಹೊತ್ತು ಕುಳಿತಿದ್ದೆ. ನನ್ನ ಲ್ಯಾಪ್‌ಟಾಪ್ ನನಗೆ ಹೇಳದೆ ಎಷ್ಟೊಂದನ್ನು ಕೊಡುತ್ತಿತ್ತು. ಅದಕ್ಕೆ ತಾನು ಬಳ್ಳಾರಿಯಲ್ಲಿದ್ದೇನೆಂದು ಗೊತ್ತಿತ್ತು, ಕನ್ನಡ ಗೊತ್ತಿತ್ತು. ಬಾಡಿಗೆಯ ಯಂತ್ರಕ್ಕೆ ಊರೂ ಇಲ್ಲ, ಭಾಷೆಯೂ ಇಲ್ಲ. ಅದಕ್ಕೆ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಫಾಂಟ್ ಹಾಕಿದೆ, ಹೆಸರುಗಳು ಬಂದವು, ಪುಟದ ವಿಳಾಸದ ಪಕ್ಕದಲ್ಲಿ ಸುರಕ್ಷತೆಯ ಬೀಗದ ಗುರುತು ಬಂತು. ಮಾಲೀಕರು ಮಿರ್ಚಿ ಮಂಡಕ್ಕಿ ತರಿಸಿದರು. ಪುಟ ಕೆಲವು ವಾರ ಯಾವ ದೂರೂ ಇಲ್ಲದೆ ನಡೆಯಿತು.

ಮಂಗಳವಾರ ಮಧ್ಯಾಹ್ನ ಕಚೇರಿಯಲ್ಲಿ ಕುಳಿತು ಗಡಿಯಾರದ ಆ ಒಂದು ಸಾಲನ್ನು ಸೇರಿಸಿ ಏರಿಸಿದೆ. ಎಲ್ಲ ಹಸಿರಾಗಿ ಮುಗಿಯಿತು. ಪುಟದಲ್ಲಿ ಮಂಗಳವಾರವಿತ್ತು, ಹೊರಗೂ ಮಂಗಳವಾರವಿತ್ತು. ಯಾರಿಗೂ ಹೇಳಬೇಕೆಂದು ಅನಿಸಲಿಲ್ಲ.

ಮರುದಿನ ಬುಧವಾರ ಸಹೋದ್ಯೋಗಿಯ ಅಕ್ಕನ ಕುಬುಸ. ಕಚೇರಿಗೆ ರಜೆ ಹಾಕಿ ಕುರುಗೋಡಿಗೆ ಹೋಗಿದ್ದೆ. ಬಸುರಿಗೆ ಆರತಿ ಮುಗಿದು, ಮಾಳಿಗೆಯ ಮೇಲೆ ಶಾಮಿಯಾನದ ಕೆಳಗೆ ಊಟದ ಪಂಕ್ತಿ ಕೂತಿತ್ತು. ಹಿಂದೆ ಬಂಡೆಗಳ ಗುಡ್ಡ ಬಿಸಿಲಿಗೆ ಕಾದು ಬೆಳ್ಳಗೆ ಕಾಣುತ್ತಿತ್ತು. ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಸಂಘದ ಕಾರ್ಯದರ್ಶಿಯ ಫೋನು ಬಂತು. ಅವರು ಎಂದೂ ಏರುದನಿಯಲ್ಲಿ ಮಾತಾಡಿದವರಲ್ಲ. ಅವತ್ತೂ ಮಾತಾಡಲಿಲ್ಲ.

“ಮೇಡಂ, ನಿನ್ನಿ ರಾತ್ರಿ ಪೇಜಿನಾಗ ಬ್ಯಾರೆ ಹೆಸರು ಬಂದೈತ್ರಿ. ಕಡೀ ಹೊಲದ ಅಕ್ಕನ ಪಾಳಿ ತಪ್ಪೈತಿ. ಆಕಿ ಮುಂಜಾನಿಂದ ಸಂಘದ ಬಾಗಿಲಾಗ ಕುಂತಾಳ, ಏಳವಲ್ಲಳು.”

ಅವರು ಹೇಳಿದ್ದು ಇಷ್ಟು. ಮಂಗಳವಾರ ರಾತ್ರಿ ಹನ್ನೆರಡರಿಂದ ಆರರವರೆಗಿನ ಪಾಳಿ ಕಾಲುವೆಯ ಕೊನೆಗೆ ಹೊಲವಿರುವ ಒಬ್ಬ ಹೆಂಗಸಿನದು. ಹನ್ನೆರಡಾದ ಕೂಡಲೇ ಪುಟದಲ್ಲಿ ಆಕೆಯ ಬದಲು, ಆಂಧ್ರದಿಂದ ಬಂದವರು ನೆಲೆಸಿದ ಪಕ್ಕದ ಕ್ಯಾಂಪಿನ ಒಬ್ಬ ರೈತನ ಹೆಸರು ಹಸಿರಾಯಿತು. ಅವನ ಪಾಳಿ ಬುಧವಾರ ರಾತ್ರಿಯದು. ತೂಬು ನೋಡಿಕೊಂಡು ನೀರು ಬಿಡುವ ನೀರುಗಂಟಿ ಪುಟ ನೋಡಿ ಅವನಿಗೆ ಫೋನು ಮಾಡಿದ, ಅವನು ಬಂದು ನೀರು ಕಟ್ಟಿಕೊಂಡ. ಆಕೆ ಬ್ಯಾಟರಿ ಹಿಡಿದು ನಿಂತೇ ಇದ್ದಳು. ಪುಟ ಹೇಳಿದ ಮೇಲೆ ಎದುರು ಮಾತಿಲ್ಲ ಎಂದು ತೀರ್ಮಾನವಾಗಿತ್ತಲ್ಲ. ಭತ್ತ ತೆನೆ ಹೊರಡುವ ಹೊತ್ತು. ಈಗ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ. ಆಕೆಯ ಮುಂದಿನ ಪಾಳಿ ಇನ್ನೊಂದು ವಾರಕ್ಕೆ.

ಕೈ ತೊಳೆದುಕೊಂಡು, ಮಾಳಿಗೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದೆ. ಸಹೋದ್ಯೋಗಿ ಹಿಂದೆಯೇ ಬಂದಳು.

“ಏನ್ಲೇ, ಕುಬುಸದ ಊಟಕ್ಕ ಲ್ಯಾಪ್‌ಟಾಪ್ ಹೊತ್ಕಂಡು ಬಂದಾಕಿ ಬಳ್ಳಾರ್ಯಾಗ ನೀನೊಬ್ಬಾಕೀನ ನೋಡು.”

ವಿಷಯ ಕೇಳಿ ಅವಳ ಮುಖ ಬದಲಾಯಿತು. ನಿನ್ನೆ ಏರಿಸಿದ್ದನ್ನು ಹಿಂದಕ್ಕೆ ತೆಗೆದುಬಿಡು ಎಂದಳು. ಹೋಸ್ಟಿಂಗ್ ಸೇವೆಯಲ್ಲಿ ಅದಕ್ಕೊಂದು ಗುಂಡಿ ಇದೆ. ಒತ್ತಿದರೆ ಹಿಂದಿನ ಆವೃತ್ತಿ ಹಾಗೆಯೇ ಮರಳುತ್ತದೆ. ಮಾಲೀಕರಿಗೆ ಫೋನು ಮಾಡಿದರೆ ಅವರೂ ಅದನ್ನೇ ಹೇಳಿದರು: “ಹಳೇದನ್ನ ಹಾಕ್ಬಿಡಮ್ಮ, ಹಾಕಿ ಊಟ ಮಾಡು.”

ಬೆರಳನ್ನು ಗುಂಡಿಯವರೆಗೆ ಒಯ್ದಿದ್ದೆ. ಒತ್ತಿದರೆ ಏನಾಗುತ್ತದೆ ಎಂದು ಮೊದಲು ನೋಡಬೇಕೆನಿಸಿತು. ಹಳೆಯ ಪುಟ ಬಂದರೆ ಇವತ್ತು ರಾತ್ರಿ ಹನ್ನೆರಡಕ್ಕೆ ಅದರಲ್ಲಿ ಬುಧವಾರದ ಪಟ್ಟಿಯೇ ಇರುತ್ತದೆ, ಅದೇ ಕ್ಯಾಂಪಿನ ರೈತನ ಹೆಸರು ಮತ್ತೆ ಹಸಿರಾಗುತ್ತದೆ. ಅವನಿಗೆ ಎರಡು ರಾತ್ರಿ ನೀರು, ಆಕೆಗೆ ಒಂದೂ ಇಲ್ಲ. ಹಾಗೇ ಬಿಟ್ಟರೆ ಗುರುವಾರದವರ ಹೆಸರು ಬರುತ್ತದೆ. ಆಗ ಎಲ್ಲರ ನೀರೂ ಒಂದು ರಾತ್ರಿ ಮುಂಚೆ ಬಂದಂತಾಗುತ್ತದೆ, ಬೇರೆ ಯಾರಿಗೂ ನಷ್ಟವಿಲ್ಲ. ನಾನು ತಿದ್ದಿದ ದಿನವೇ ಪಾಳಿಯಿದ್ದ ಒಬ್ಬರಿಗೆ ಮಾತ್ರ ಆ ವಾರ ನೀರೇ ಇಲ್ಲ.

ಇದು ಕಣ್ಣಿಗೆ ಬಿದ್ದ ಮೇಲೆ ಇನ್ನೊಂದು ಪ್ರಶ್ನೆ ಬಿಡದೆ ಹಿಡಿದುಕೊಂಡಿತು. ಗಡಿಯಾರ ತಪ್ಪಿದ್ದಾಗ ಪುಟ ಸರಿಯಾಗಿ ನಡೆಯಿತು. ಗಡಿಯಾರ ಸರಿಮಾಡಿದ ರಾತ್ರಿಯೇ ಕೆಟ್ಟಿತು. ತಪ್ಪು ಹೇಗೆ ಸರಿಯಾಗಿತ್ತು?

“ಒತ್ತಲೇ, ಹೋಳಿಗಿ ಆರತೈತಿ,” ಎಂದಳು ಸಹೋದ್ಯೋಗಿ.

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಹಚ್ಚೊಳ್ಳಿಗೆ ಹೋಗುತ್ತೇನೆ ಎಂದೆ. ಅವಳು ಎರಡು ಹೋಳಿಗೆಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಅವಳ ಅಣ್ಣ ಬೈಕಿನಲ್ಲಿ ಬಸ್ ನಿಲ್ದಾಣಕ್ಕೆ ಬಿಟ್ಟ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೆಕ್ಕಲಕೋಟೆಯ ಹತ್ತಿರ, ಮುಂದಿನ ಸೀಟಿನ ಇಬ್ಬರು ಹೆಂಗಸರು ಏಕಾದಶಿ ಯಾವತ್ತೆಂದು ಮಾತಾಡುತ್ತಿದ್ದರು. ಇವತ್ತೇ ತಿಥಿ ಬರುತ್ತದೆಯಾದರೂ ಸೂರ್ಯ ಹುಟ್ಟುವಾಗ ಇಲ್ಲ, ಆದ್ದರಿಂದ ಉಪವಾಸ ನಾಳೆ ಎಂದು ಒಬ್ಬರು ಹೇಳಿದರು. ಇಂಥ ಮಾತು ಕೇಳಿಯೇ ಬೆಳೆದವಳು ನಾನು. ನಮ್ಮ ಮನೆಯಲ್ಲಿ ಹಬ್ಬ, ಶ್ರಾದ್ಧ, ಪಾರಣೆ ಎಲ್ಲವೂ ಸೂರ್ಯೋದಯದ ಲೆಕ್ಕ. ಪಂಚಾಂಗದಲ್ಲಿ ವಾರ ಬದಲಾಗುವುದೂ ಸೂರ್ಯ ಹುಟ್ಟಿದಾಗಲೇ. ಅಪ್ಪನ ಪ್ರಕಾರ ಬೆಳಗಿನ ಜಾವ ನಾಲ್ಕಕ್ಕೆ ಹುಟ್ಟಿದ ಮಗು ಹಿಂದಿನ ದಿನದ್ದು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಅದು ದೇವರ ಮನೆಯ ಲೆಕ್ಕ, ಕಚೇರಿಯದು ಬೇರೆ ಎಂದು ತಿಳಿದಿದ್ದೆ.

ಚೀಲದ ಮೇಲೆ ಕಾಗದವಿಟ್ಟು ಒಂದು ಗೆರೆ ಎಳೆದೆ. ಕಾರ್ಯದರ್ಶಿ ‘ಮಂಗಳವಾರ ರಾತ್ರಿ ಹನ್ನೆರಡರಿಂದ ಆರು’ ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಮಂಗಳವಾರದ ಹಗಲು ಕಳೆದ ಮೇಲೆ ಬರುವ ರಾತ್ರಿ. ಕ್ಯಾಲೆಂಡರಿನಲ್ಲಿ ಅದು ಬುಧವಾರ. ವಿಶ್ವ ಸಮಯದ ಯಂತ್ರ ಐದೂವರೆಯವರೆಗೂ ಮಂಗಳವಾರದ ಪಟ್ಟಿಯನ್ನೇ ಕೊಡುತ್ತಿತ್ತು, ಹಾಗಾಗಿ ಆಕೆಯ ಹೆಸರು ಸರಿಯಾಗಿ ಹಸಿರಾಗುತ್ತಿತ್ತು. ಎಲ್ಲಿಂದಲೋ ಬಂದ ಗಡಿಯಾರವೊಂದು ಹೊಲದವರ ದಿನಕ್ಕೆ ಹೆಚ್ಚುಕಡಿಮೆ ಹೊಂದಿಕೊಂಡಿತ್ತು. ನಾನು ಅದನ್ನು ಸರಿಯಾಗಿ ಬಳ್ಳಾರಿಯ ಕಚೇರಿಯ ಗಡಿಯಾರಕ್ಕೆ ತಿರುಗಿಸಿದ್ದೆ.

ಖುಷಿಯಾಯಿತು. ಆಗಬಾರದಿತ್ತು, ಆದರೆ ಆಯಿತು. ಸಿರುಗುಪ್ಪದಲ್ಲಿ ಬಸ್ಸು ಬದಲಿಸುವಾಗ ಒಂದೇ ಮಾತು ಉಳಿದಿತ್ತು: ಆ ‘ಹೆಚ್ಚುಕಡಿಮೆ’ ಎಷ್ಟು? ಹೊಲದವರ ದಿನ ಐದೂವರೆಗೆ ಬದಲಾಗುತ್ತದೆಯೇ?

ಸಂಘದ್ದು ಒಂದು ಕೋಣೆ, ಮುಂದೆ ಸಣ್ಣ ಕಟ್ಟೆ. ಹೊಸ್ತಿಲಿನ ಪಕ್ಕ ಗೋಡೆಗೆ ಒರಗಿ ಆಕೆ ಕೂತಿದ್ದಳು. ಐವತ್ತರ ಸುಮಾರು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿನ ಕೆಸರು ಒಣಗಿ ಬಿಳಿಯಾಗಿತ್ತು. ನಾನು ಯಾರೆಂದು ಕಾರ್ಯದರ್ಶಿ ಹೇಳಿದರು. ಆಕೆ ಏಳಲಿಲ್ಲ, ಪಕ್ಕದಲ್ಲಿ ಜಾಗ ಮಾಡಿದಳು. ನಾನು ಕೂತೆ.

“ನೀನಾ ಫೋನಿನಾಕಿ? ಸಣ್ಣಾಕಿ ಅದೀಯಲ್ಲ ಯವ್ವ,” ಎಂದಳು. ಆಮೇಲೆ ಎದುರಿನ ರಸ್ತೆಯನ್ನು ನೋಡುತ್ತಾ ಹೇಳಿದಳು: “ನನ್ನ ಮುಂದ ಹಾಯ್ದು ನೀರು ಆ ಕಡಿ ಹೋದವು. ಕೇಳಿದ್ರ ಫೋನು ಹಂಗ ಅಂತೈತಿ ಅಂದ್ರು. ಫೋನಿಗೆ ಹೊಲ ಐತೇನು?”

ತಪ್ಪು ಪುಟದ್ದು, ರಾತ್ರಿಯೊಳಗೆ ಸರಿಮಾಡಲೆಂದು ಬಂದಿದ್ದೇನೆ ಎಂದೆ.

ಕಾರ್ಯದರ್ಶಿ ನೀರುಗಂಟಿಯನ್ನೂ ಕ್ಯಾಂಪಿನ ರೈತನನ್ನೂ ಕರೆಸಿದ್ದರು. ಇನ್ನೂ ನಾಲ್ಕಾರು ಜನ ತಾವಾಗಿಯೇ ಬಂದು ಕಟ್ಟೆಯ ಮೇಲೆ ಕೂತರು. ಅಷ್ಟು ಜನರ ಎದುರು ಮಾತಾಡುವುದು ನನಗೆ ಸುಲಭವಲ್ಲ. ಬಸ್ಸಿನಲ್ಲಿ ಬರೆದುಕೊಂಡ ಪ್ರಶ್ನೆಯನ್ನು ಹಾಗೆಯೇ ಕೇಳಿಬಿಟ್ಟೆ: “ನಿಮ್ಮಲ್ಲಿ ಮಂಗಳವಾರ ಯಾವಾಗ ಮುಗೀತದ್ರಿ?”

ಎಲ್ಲರೂ ನನ್ನನ್ನೇ ನೋಡಿದರು. ನೀರುಗಂಟಿ ಗಂಟಲು ಸರಿಮಾಡಿಕೊಂಡ. “ಬುಧವಾರ ಶುರುವಾದಾಗ್ರಿ.”

ನಗು ಎದ್ದಿತು. ಬುಧವಾರ ಯಾವಾಗ ಶುರು ಎಂದೆ.

“ನಾ ಮುಂಜಾನಿ ತೂಬಿಗಿ ಬಂದಾಗ್ರಿ.”

“ಅಂದ್ರ ನಿನಗ ಜ್ವರ ಬಂದ್ರ ಊರಿಗೇ ಬುಧವಾರ ಇಲ್ಲನ್ನು,” ಎಂದ ಕ್ಯಾಂಪಿನ ರೈತ.

ಹಿರಿಯರೊಬ್ಬರು ಹೊತ್ತು ಹುಟ್ಟಿದಾಗ ಎಂದರು. ಹೊತ್ತು ಚಳಿಗಾಲದಲ್ಲಿ ತಡ ಅಲ್ಲವೇ ಎಂದು ಇನ್ನೊಬ್ಬರು. ಇಷ್ಟು ವರ್ಷ ಪಾಳಿ ಕಟ್ಟಿದವರು ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಹನ್ನೆರಡಕ್ಕೆ ದಿನ ಬದಲಾಗುತ್ತದೆಂದು ತಮಗೂ ಗೊತ್ತು, ಆದರೆ ಅದು ಕ್ಯಾಲೆಂಡರಿನಲ್ಲಿ, ನೀರಿಗಲ್ಲ ಎಂದರು ಕಾರ್ಯದರ್ಶಿ. ಕೊನೆಗೆ ಆರು ಎಂದು ಎಲ್ಲರೂ ಒಪ್ಪಿದರು, ಪಾಳಿ ಬದಲಾಗುವುದು ಮೊದಲಿನಿಂದ ಆರಕ್ಕೇ.

“ಎಲ್ಲಿ ಆರು?” ಎಂದಳು ಹೊಸ್ತಿಲಲ್ಲಿದ್ದ ಆಕೆ. “ಈ ಫೋನು ಬಂದಾಗಿಂದ ಆರರ ಮುಂಚೇನ ಇಂವ ನೀರು ತಿರುವ್ತಾನ.”

“ಪೇಜಿನಾಗ ನಿನ್ನ ಹೆಸರೇ ಹೋದಮ್ಯಾಲ ನಾ ಏನ್ ಮಾಡ್ಲಿ ಅಕ್ಕಾ?” ಎಂದ ನೀರುಗಂಟಿ.

ಎಷ್ಟು ಮುಂಚೆ ಎಂದು ಕೇಳಿದೆ. ಅರ್ಧ ತಾಸು ಇರಬಹುದು ಎಂದು ಅವನು ಹೇಳುವ ಮೊದಲೇ ನನಗೆ ತಿಳಿದಿತ್ತು. ಐದೂವರೆಗೆ ಯಂತ್ರದ ದಿನ ಬದಲಾಗಿ, ಆಕೆಯ ಹೆಸರಿದ್ದ ಪಟ್ಟಿಯೇ ಪರದೆಯಿಂದ ಹೋಗುತ್ತಿತ್ತು. ಆ ಅರ್ಧ ತಾಸು ಮರುದಿನದ ರಾತ್ರಿಯವರ ಹೆಸರು ಹಸಿರಾಗಿರುತ್ತಿತ್ತು, ಅಷ್ಟು ಸ್ವಲ್ಪ ಹೊತ್ತಿಗೆ ಅವರನ್ನು ಕರೆಯದೆ ನೀರುಗಂಟಿ ನೀರನ್ನು ಆರರ ಪಾಳಿಯವರ ಕಡೆ ತಿರುಗಿಸುತ್ತಿದ್ದ. ಪುಟ ಸರಿಯಾಗಿ ನಡೆಯುತ್ತಿದೆ ಎಂದು ನಾವು ತಿಳಿದ ವಾರಗಳಲ್ಲೂ ರಾತ್ರಿ ಪಾಳಿಯವರೆಲ್ಲ ಅರ್ಧ ತಾಸು ಕಳೆದುಕೊಂಡಿದ್ದರು. ತೂಬಿಗೆ ಹತ್ತಿರವಿದ್ದವರಿಗೆ ಅದು ಗೊತ್ತಾಗಿರಲಿಲ್ಲ.

ಆಕೆ ಎದ್ದು, ಬಾ ಎಂದಳು. ಹೊಲ ಹೆಚ್ಚು ದೂರವಿರಲಿಲ್ಲ. ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದೆವು. ಮೊದಲ ಮಡಿಗಳಲ್ಲಿ ಭತ್ತ ಹಸಿರಾಗಿ, ಬುಡದಲ್ಲಿ ಇನ್ನೂ ತೇವ ಹಿಡಿದು ನಿಂತಿತ್ತು. ಕೊನೆಯ ಮಡಿಯ ಮಣ್ಣು ಸಣ್ಣಗೆ ಬಿರಿದಿತ್ತು. ಅದಕ್ಕೆ ನೀರು ಮುಟ್ಟುವುದೇ ಪಾಳಿಯ ತುದಿಯಲ್ಲಿ. ಮುಂದಿನ ಮಡಿಗಳೆಲ್ಲ ತುಂಬಿ, ಅವುಗಳ ಮೇಲೆ ಹಾಯ್ದು ನೀರು ಇಲ್ಲಿಗೆ ಬರುವ ಹೊತ್ತಿಗೆ ಪುಟದಲ್ಲಿ ಆಕೆಯ ಹೆಸರು ಇರುತ್ತಿರಲಿಲ್ಲ. ನಾನು ಕೂತು ಬಿರುಕಿನಲ್ಲಿ ಬೆರಳಿಟ್ಟು ನೋಡಿದೆ. ಮಾಳಿಗೆಯ ಮೇಲೆ ಆ ಗುಂಡಿ ಒತ್ತಿದ್ದರೆ ಎಲ್ಲರೂ ಸರಿಯಾಯಿತು ಎನ್ನುತ್ತಿದ್ದರು. ಇದು ಹೀಗೇ ಇರುತ್ತಿತ್ತು.

“ಅಕ್ಕಾ, ಆ ಅರ್ಧ ತಾಸೂ ಪುಟದಿಂದಲೇ ಹೋಗಿದ್ದು,” ಎಂದೆ.

“ಹೋಗಿದ್ದು ಹೋತು. ಇನ್ನ ಮ್ಯಾಲೆ ಸಿಗತೈತೋ ಇಲ್ಲೋ ಅದನ್ ಹೇಳು.”

ತಿರುಗಿ ಬಂದಾಗ ಕಟ್ಟೆಯ ಮೇಲೆ ಇವತ್ತಿನ ರಾತ್ರಿಯ ಮಾತು ನಡೆದಿತ್ತು. ಕ್ಯಾಂಪಿನ ರೈತ ನಿನ್ನೆಯೇ ನೀರು ಕಟ್ಟಿಕೊಂಡಿದ್ದರಿಂದ ಇವತ್ತಿನದನ್ನು ಆಕೆಗೆ ಬಿಡಬೇಕೆಂದು ಹಿರಿಯರು ಹೇಳುತ್ತಿದ್ದರು. ಅವನ ಮನೆಮಾತು ತೆಲುಗು, ಕನ್ನಡದ ನಡುವೆ ಅದೂ ಬಂದುಹೋಗುತ್ತಿತ್ತು. “ಕರದ್ರು, ಬಂದೆ. ನಾದೇಂ ತಪ್ಪು?” ಎಂದ ಮೊದಲು. ಆಮೇಲೆ ತಾನೇ ನಕ್ಕ. “ಎರಡು ರಾತ್ರಿ ನೀರು ಬಿಟ್ರ ಭತ್ತ ಈಜು ಕಲೀತಾವ, ಬಿಡ್ರಿ. ಆಕಿ ಕಟ್ಕಳ್ಳಿ. ಆದ್ರ ಬಾಯಿ ಮಾತಿಗಿ ಬಿಡಾಂಗಿಲ್ಲ. ಫೋನಿನಾಗ ಆಕಿ ಹೆಸರು ಬರಬೇಕು. ಇಲ್ಲಂದ್ರ ನಾಳಿ ನೀ ಯಾಕ ಬಿಟ್ಟಿ, ಆಕಿ ಯಾಕ ಕಟ್ಕಂಡ್ಲು ಅಂತ ಮತ್ತ ಪಂಚಾಯ್ತಿ.”

ಅವನ ಮಾತು ನ್ಯಾಯವಾಗಿತ್ತು. ಪುಟದ ಮಾತೇ ಕೊನೆ ಎಂದ ಮೇಲೆ, ಪುಟವನ್ನು ಬಿಟ್ಟು ನ್ಯಾಯ ಮಾಡಿದರೆ ನಾಳೆ ಅದು ಯಾರಿಗೂ ಬೇಡವಾಗುತ್ತದೆ.

ಸಂಘದ ಕೋಣೆಯಲ್ಲಿ ಸಿಗ್ನಲ್ ಇರಲಿಲ್ಲ. ಕಾಲುವೆಯ ಏರಿಯ ಮೇಲೆ ಬರುತ್ತದೆ ಎಂದು ನೀರುಗಂಟಿ ತೋರಿಸಿದ. ಏರಿಯ ಮೇಲೆ ಜಾಲಿಯ ನೆರಳಿನಲ್ಲಿ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತೆ. ಬರೆಯಬೇಕಾದದ್ದು ಬಹಳ ಕಡಿಮೆ. ಭಾರತದ ಸಮಯ ತೆಗೆದುಕೊಂಡು, ಅದರಿಂದ ಆರು ಗಂಟೆ ಕಳೆದು, ಉಳಿದದ್ದು ಯಾವ ವಾರ ಎಂದು ಕೇಳುವುದು. ಆಗ ದಿನ ಆರಕ್ಕೇ ಬದಲಾಗುತ್ತದೆ, ಯಂತ್ರ ಮುಂಬೈಯಲ್ಲಿರಲಿ, ಬೇರೆ ಎಲ್ಲೇ ಇರಲಿ. ಆ ಆರನ್ನು ಲೆಕ್ಕದ ನಡುವೆ ಹುದುಗಿಸದೆ, ಹೊರಗೆ ಒಂದು ಹೆಸರು ಕೊಟ್ಟು ಇಟ್ಟೆ: ದಿನದ ಆರಂಭ. ಬೇರೆ ಸಂಘದವರಿಗೆ ಬೇರೆ ಹೊತ್ತು ಇರಬಹುದು. ಇನ್ನು ಮೇಲೆ ಮೊದಲು ಕೇಳಬೇಕಾದ ಪ್ರಶ್ನೆ ಅದು.

ಏರಿಸುವುದು ಮಾತ್ರ ಸತಾಯಿಸಿತು. ಮೊದಲ ಸಲ ಅರ್ಧಕ್ಕೆ ಸಂಪರ್ಕ ಕಡಿಯಿತು. ಎರಡನೆಯ ಸಲ ಎಲ್ಲ ಹೋಯಿತು, ಆದರೆ ಕಟ್ಟುವ ಹಂತದಲ್ಲಿ ಕೆಂಪು ಸಾಲು ಬಂತು. ಅವಸರದಲ್ಲಿ ಕೋಡ್‌ನಲ್ಲಿ ಒಂದು ಆವರಣ ಚಿಹ್ನೆ ಮುಚ್ಚಿರಲಿಲ್ಲ. ಮುಚ್ಚಿ ಮತ್ತೆ ಕಳಿಸಿದೆ. ಲಾಗ್‌ನ ಸಾಲುಗಳು ಒಂದೊಂದಾಗಿ ಬರುವುದನ್ನು ನನ್ನ ಜೊತೆ ಆಕೆಯೂ ನೋಡುತ್ತಿದ್ದಳು. ಇಂಗ್ಲಿಷ್ ಓದಲು ಬಾರದಿದ್ದರೂ ಕೆಂಪು ಯಾವುದು, ಹಸಿರು ಯಾವುದು ಎಂದು ಅಷ್ಟರಲ್ಲೇ ಹಿಡಿದಿದ್ದಳು. “ಹಸಿರಾತು ನೋಡು,” ಎಂದು ನನಗಿಂತ ಮೊದಲು ಹೇಳಿದವಳು ಆಕೆ.

ರಾತ್ರಿಯವರೆಗೆ ಕಾದು ನೋಡುವಂತಿರಲಿಲ್ಲ. ಬೇಕಾದ ಹೊತ್ತನ್ನು ಕೈಯಿಂದ ಕೊಟ್ಟು ಪುಟ ಏನು ತೋರಿಸುತ್ತದೆಂದು ನೋಡುವ ಒಂದು ದಾರಿ ಮಾಡಿಕೊಂಡೆ. ಡೇಟಾಬೇಸ್‌ನಲ್ಲಿ ಬುಧವಾರದ ಕೊನೆಯ ಪಾಳಿಗೆ, ಈ ಒಂದು ರಾತ್ರಿಯ ಮಟ್ಟಿಗೆ, ಕ್ಯಾಂಪಿನ ರೈತನ ಹೆಸರು ತೆಗೆದು ಆಕೆಯ ಹೆಸರು ಬರೆದೆ. ಅವನು ನನ್ನ ಭುಜದ ಹಿಂದೆ ನಿಂತು ನೋಡಿದ. ಆಮೇಲೆ ಆಕೆಯೇ ಕೇಳುತ್ತಾ ಹೋದಳು.

“ಹನ್ನೆರಡಕ್ಕ?”

“ನಿಮ್ಮ ಹೆಸರು.”

“ನಾಕಕ್ಕ?”

“ನಿಮ್ಮದೇ.”

“ಐದೂವರಿಗಿ?”

ಆ ಹೊತ್ತನ್ನು ಕೊಟ್ಟು, ಫೋನನ್ನು ಆಕೆಯ ಕೈಗಿಟ್ಟೆ. ತನ್ನ ಹೆಸರನ್ನು ಆಕೆ ಓದಬಲ್ಲಳು. ಬೆರಳನ್ನು ಪರದೆಗೆ ತಾಗಿಸದೆ, ಗಾಳಿಯಲ್ಲೇ ಅಕ್ಷರಗಳ ಮೇಲೆ ಆಡಿಸಿದಳು.

“ಆರಕ್ಕ?”

“ಆರಕ್ಕೆ ಹೋಗ್ತದ.”

“ಹೋಗ್ಲಿ. ಅದು ನಂದಲ್ಲ,” ಎಂದಳು.

ಕಾರ್ಯದರ್ಶಿ ಬೈಕಿನಲ್ಲಿ ಸಿರುಗುಪ್ಪಕ್ಕೆ ತಂದುಬಿಟ್ಟರು. ಬಳ್ಳಾರಿಯ ಬಸ್ಸಿನಲ್ಲಿ ಕೂತ ಮೇಲೆ ಚೀಲದಲ್ಲಿದ್ದ ಹೋಳಿಗೆ ತಿಂದೆ. ಮಾಲೀಕರಿಗೆ ನಡೆದದ್ದನ್ನು ಬರೆದು ಕಳಿಸಿದೆ. ಅವರ ಉತ್ತರ ಚಿಕ್ಕದು, ನಾಳೆ ಹತ್ತಕ್ಕೆ ಬಂದರೆ ಸಾಕು ಎಂದು. ಪರೀಕ್ಷೆ ಮಾಡಿದ್ದು ನಾನು ಕೊಟ್ಟ ಹೊತ್ತುಗಳಿಂದ. ನಿಜವಾದ ಹೊತ್ತು ಇನ್ನೂ ಬರಬೇಕಿತ್ತು. ಅದು ಬಂದಾಗ ಪುಟ ಸರಿಯಾಗಿ ತೋರಿಸಿದರೂ, ನೀರು ಕೊನೆಯ ಮಡಿಯನ್ನು ಮುಟ್ಟಿತೇ ಎಂದು ಪುಟ ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ಐದೂವರೆಗೆ ಮೊದಲೇ ಎದ್ದು ಪುಟ ತೆರೆದೆ. ಬುಧವಾರ ಎಂದಿತ್ತು, ಕೆಳಗೆ ಆಕೆಯ ಹೆಸರು ಹಸಿರಾಗಿತ್ತು. ಐದೂವರೆ ಕಳೆಯಿತು. ಹೆಸರು ಅಲ್ಲೇ ಇತ್ತು. ಫೋನು ಮಾಡಬೇಕೆನಿಸಿತು, ಮಾಡಲಿಲ್ಲ. ಹಿತ್ತಲ ಬಾಗಿಲು ತೆರೆದು ಮೆಟ್ಟಿಲ ಮೇಲೆ ಕೂತೆ. ಆರಕ್ಕೆ ಇನ್ನೂ ಸ್ವಲ್ಪ ಇರುವಾಗ ಕಾರ್ಯದರ್ಶಿಯ ಸಂಖ್ಯೆಯಿಂದ ಕರೆ ಬಂತು. ಮಾತಾಡಿದ್ದು ಆಕೆ.

“ಯವ್ವ, ಕಡೀ ಮಡೀಗಿ ಮುಟ್ಟೇತಿ. ಈಗ ಮುಟ್ಟೇತಿ. ಇನ್ನಾ ಆರಾಗಿಲ್ಲ ಹೌದಿಲ್ಲೋ?”

“ಇನ್ನೂ ಆಗಿಲ್ಲ ಅಕ್ಕಾ.”

“ಹಂಗಾದ್ರ ಇಡ್ತೀನಿ, ಕೆಲಸ ಐತಿ,” ಎಂದು ಇಟ್ಟಳು.

ಪುಟ ಗುರುವಾರಕ್ಕೆ ಬದಲಾಗುವವರೆಗೂ ಅಲ್ಲೇ ಕೂತಿದ್ದೆ. ಆಮೇಲೆ ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದು, ಬುಧವಾರದ ಕೊನೆಯ ಪಾಳಿಗೆ ಕ್ಯಾಂಪಿನ ರೈತನ ಹೆಸರನ್ನು ಮತ್ತೆ ಬರೆದೆ.